ಗೇರುಗುಡ್ಡದ ತಪ್ಪಲಲ್ಲಿ ವಿಷದ ಲೆಕ್ಕ ಹಿಡಿದವರು

ಒಂದು ಊರಿನ ಗಾಳಿ, ನೀರು, ಮಣ್ಣಿನಲ್ಲಿ ವಿಷ ಬೆರೆತಿದೆಯೇ? ಬೆರೆತಿದ್ದರೆ ಅದರಿಂದ ಅಲ್ಲಿನ ಜನರಿಗೆ ಎಷ್ಟು ಅಪಾಯ? ಈ ಪ್ರಶ್ನೆಗಳಿಗೆ ಉತ್ತರ ಹೇಳುವುದು ಪ್ರಯೋಗಾಲಯದ ವಿಜ್ಞಾನಿಗಳ ಕೆಲಸ ಎಂಬುದು ಸಾಮಾನ್ಯ ನಂಬಿಕೆ. ಆದರೆ ವಿಜ್ಞಾನಿ ಊರಿಗೆ ಬರುವುದು ಬಹಳ ತಡವಾಗಿ. ಅದಕ್ಕೂ ಮುನ್ನ ಸತ್ತ ಮೀನನ್ನು ಕಂಡವರು, ಕಾಲು ಸೊಟ್ಟಗಿರುವ ಕರುವನ್ನು ಕಂಡವರು, ಒಂದೇ ಓಣಿಯ ಮನೆಮನೆಗಳಲ್ಲಿ ಒಂದೇ ಬಗೆಯ ಕಾಯಿಲೆಯನ್ನು ಕಂಡವರು ಊರಿನಲ್ಲಿಯೇ ಇರುತ್ತಾರೆ. ಅವರು ಕಂಡದ್ದು ಮತ್ತು ವಿಜ್ಞಾನಿ ಅಳೆದದ್ದು ಒಂದೆಡೆ ಸೇರುವ ತನಕ ಸತ್ಯ ಅರ್ಧವಾಗಿಯೇ ಉಳಿಯುತ್ತದೆ. ಕಾಸರಗೋಡು ಜಿಲ್ಲೆಯ ಎಂಡೋಸಲ್ಫಾನ್ ದುರಂತದ ಇತಿಹಾಸ ಈ ಮಾತಿಗೆ ಒಳ್ಳೆಯ ನಿದರ್ಶನ.

ಕಾಸರಗೋಡು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೇರಳಕ್ಕೆ ಸೇರಿತು. ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಳದಲ್ಲಿ ಕೇಳಿಬರುವ ಪ್ರದೇಶವದು. ಅದರ ಉತ್ತರ ಭಾಗದ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಗ್ರಾಮವಿದೆ. ಪಡ್ರೆಯ ಒಂದು ಭಾಗದ ಹೆಸರು ಸ್ವರ್ಗ. ಹೆಸರಿಗೆ ತಕ್ಕಂತೆ ಹಸಿರು, ನೀರು ಎರಡಕ್ಕೂ ಕೊರತೆಯಿಲ್ಲದ ಊರು. ಈ ಊರು ದೇಶದ ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಮಾತ್ರ ಬೇರೆಯದೇ ಕಾರಣಕ್ಕೆ.

ಆಕಾಶದಿಂದ ಬಿದ್ದ ಮದ್ದು

ಕಾಸರಗೋಡಿನ ಗುಡ್ಡಗಳ ನೆತ್ತಿಯ ಮೇಲೆ ಸರಕಾರಿ ಸ್ವಾಮ್ಯದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿವೆ. ಅವುಗಳ ಒಟ್ಟು ವಿಸ್ತಾರ ಸುಮಾರು 4,600 ಹೆಕ್ಟೇರ್. ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ. ಹೆಸರು ಸೊಳ್ಳೆಯಾದರೂ ಇದು ನಿಜಕ್ಕೂ ಒಂದು ತಿಗಣೆ. ಗೇರು ಚಿಗುರಿ ಹೂ ಬಿಡುವ ಕಾಲಕ್ಕೆ ಸರಿಯಾಗಿ ಬಂದು ಎಳೆಯ ಚಿಗುರು, ಹೂಗೊಂಚಲುಗಳ ರಸ ಹೀರಿ ಬೆಳೆಯನ್ನು ಕರಟಿಸಿಬಿಡುತ್ತದೆ. ಇದನ್ನು ತಡೆಯಲು 1970ರ ದಶಕದ ಉತ್ತರಾರ್ಧದಿಂದ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸುವ ಕ್ರಮ ಆರಂಭವಾಯಿತು. ವರ್ಷಕ್ಕೆ ಎರಡು ಮೂರು ಬಾರಿಯಂತೆ 2000ದ ಡಿಸೆಂಬರ್‌ವರೆಗೂ ಅದು ನಡೆಯಿತು. ಅಂದರೆ ಎರಡು ದಶಕಗಳಿಗೂ ಹೆಚ್ಚು ಕಾಲ.

ಎಂಡೋಸಲ್ಫಾನ್ 1950ರ ದಶಕದಲ್ಲಿ ಬಳಕೆಗೆ ಬಂದ, ಕ್ಲೋರಿನ್ ಇರುವ ಕೀಟನಾಶಕ. ಇದು ಕೀಟಗಳ ನರಮಂಡಲವನ್ನು ಕೆಡಿಸಿ ಕೊಲ್ಲುತ್ತದೆ. ನರಗಳು ಅತಿಯಾಗಿ ಉದ್ರೇಕಗೊಳ್ಳದಂತೆ ತಡೆಯುವ ವ್ಯವಸ್ಥೆಯೊಂದು ಜೀವಿಗಳ ದೇಹದಲ್ಲಿದೆ. ಎಂಡೋಸಲ್ಫಾನ್ ಆ ತಡೆಯನ್ನೇ ಕಿತ್ತುಹಾಕುತ್ತದೆ. ಮನುಷ್ಯರ ನರಗಳಲ್ಲಿಯೂ ಇದೇ ವ್ಯವಸ್ಥೆ ಇರುವುದರಿಂದ ಹೆಚ್ಚಿನ ಪ್ರಮಾಣ ದೇಹಕ್ಕೆ ಹೋದವರಿಗೆ ಅಪಸ್ಮಾರದಂಥ ಸೆಳೆತ ಬರುತ್ತದೆ. ಮಣ್ಣು ಸೇರಿದ ಎಂಡೋಸಲ್ಫಾನ್ ಅಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು ಇನ್ನಷ್ಟು ಕಾಲ ಉಳಿಯುತ್ತದೆ. ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಕರಗುವುದು ಇದರ ಇನ್ನೊಂದು ಗುಣ.

ಇಲ್ಲಿ ನೆಲದ ಸ್ವರೂಪವನ್ನೂ ಗಮನಿಸಬೇಕು. ಗೇರು ಇರುವುದು ಗುಡ್ಡದ ತಲೆಯ ಮೇಲೆ. ಮನೆ, ಅಡಿಕೆ ತೋಟ, ಶಾಲೆ ಎಲ್ಲವೂ ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಬರುವುದು ಅದೇ ಗುಡ್ಡದಿಂದ ಇಳಿಯುವ ತೋಡುಗಳಿಂದ, ತೆರೆದ ಬಾವಿಗಳಿಂದ ಮತ್ತು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ. ಮದ್ದು ಸಿಂಪಡಿಸುವಾಗ ನೀರಿನ ಮೂಲಗಳನ್ನು ಮುಚ್ಚಿರಬೇಕು, ಮರದ ತುದಿಗಿಂತ ಬಹಳ ಎತ್ತರದಿಂದ ಸಿಂಪಡಿಸಬಾರದು ಎಂಬ ಸೂಚನೆಗಳೇನೋ ಇದ್ದವು. ಆದರೆ ತೋಡನ್ನು ಮುಚ್ಚುವುದು ಹೇಗೆ? ಏರಿಳಿತದ ಗುಡ್ಡಗಳ ಮೇಲೆ ಹೆಲಿಕಾಪ್ಟರನ್ನು ಮರಗಳಿಗೆ ತಾಗುವಂತೆ ಹಾರಿಸುವುದು ಹೇಗೆ? ಬಯಲಿನ ಹೊಲಗಳನ್ನು ಕಣ್ಮುಂದಿಟ್ಟುಕೊಂಡು ಬರೆದ ನಿಯಮ ಮಲೆಯ ಸೀಮೆಗೆ ಹೊಂದಲಿಲ್ಲ.

ಮೊದಲು ಕಂಡವರು

ಅಪಾಯದ ಮೊದಲ ಸುಳಿವು ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಹಟ್ಟಿಯಲ್ಲಿ. ಪಡ್ರೆಯ ರೈತರೊಬ್ಬರ ಮನೆಯಲ್ಲಿ ಹುಟ್ಟಿದ ಕರುಗಳ ಕಾಲುಗಳು ವಿಕಾರವಾಗಿದ್ದವು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆ ಇದನ್ನು ಗಮನಿಸಿ, ಗೇರು ತೋಟದ ಸಿಂಪಡಣೆಗೂ ಇದಕ್ಕೂ ನಂಟಿರಬಹುದೇ ಎಂಬ ಪ್ರಶ್ನೆಯನ್ನು ಬರಹದ ಮೂಲಕ ಎತ್ತಿದರು. ಆಗಿನ್ನೂ ಸಿಂಪಡಣೆ ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ಆ ಪ್ರಶ್ನೆಗೆ ಉತ್ತರ ಹುಡುಕಲು ಯಾವ ಇಲಾಖೆಯೂ ಮುಂದೆ ಬರಲಿಲ್ಲ. ಜಪಾನಿನ ಮಿನಮಾಟದಲ್ಲೂ ಹೀಗೆಯೇ ಆಗಿತ್ತು. ಕಾರ್ಖಾನೆಯ ಪಾದರಸ ಸಮುದ್ರ ಸೇರಿದಾಗ ಮನುಷ್ಯರಿಗಿಂತ ಮೊದಲು ನರಳಿದ್ದು ಮೀನು ತಿಂದ ಬೆಕ್ಕುಗಳು. 1956ರಲ್ಲಿ ಅಲ್ಲಿನ ಕಾಯಿಲೆ ಅಧಿಕೃತವಾಗಿ ದಾಖಲಾಗುವ ಹೊತ್ತಿಗೆ ಮೀನುಗಾರರ ಕೇರಿಗಳಲ್ಲಿ ಬೆಕ್ಕುಗಳ ಸಾವು ಮನೆಮಾತಾಗಿತ್ತು.

1980ರ ದಶಕದ ಆರಂಭದಲ್ಲಿ ಡಾ. ವೈ.ಎಸ್. ಮೋಹನ್ ಕುಮಾರ್ ಪಡ್ರೆಯ ವಾಣಿನಗರದಲ್ಲಿ ವೈದ್ಯವೃತ್ತಿ ಆರಂಭಿಸಿದರು. ದಿನ ಕಳೆದಂತೆ ಅವರಿಗೆ ಒಂದು ವಿಚಿತ್ರ ಸಂಗತಿ ಗೋಚರವಾಯಿತು. ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಮಾನಸಿಕ ಅಸ್ವಸ್ಥತೆ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಇವೆಲ್ಲ ಅಷ್ಟು ಚಿಕ್ಕ ಊರಿಗೆ ಇರಬೇಕಾದುದಕ್ಕಿಂತ ಹೆಚ್ಚಾಗಿದ್ದವು. ಅದರಲ್ಲಿಯೂ ಗೇರುಗುಡ್ಡದಿಂದ ಇಳಿದು ಬರುವ ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳಲ್ಲಿ ಇಂಥ ರೋಗಿಗಳು ಹೆಚ್ಚು. ಊರವರಲ್ಲಿ ಹಲವರು ಇದನ್ನು ದೈವದ ಮುನಿಸೆಂದು ಭಾವಿಸಿದ್ದರು. ವೈದ್ಯರಿಗೂ ಕಾರಣ ಕೂಡಲೇ ಹೊಳೆಯಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ: ಯಾವ ಮನೆ, ಯಾವ ಕಾಯಿಲೆ, ಎಷ್ಟು ಜನ ಎಂದು ಲೆಕ್ಕವಿಟ್ಟರು. 1990ರ ದಶಕದಲ್ಲಿ ಈ ಲೆಕ್ಕವನ್ನು ವೈದ್ಯ ಬಂಧುಗಳ ಮತ್ತು ಅಧಿಕಾರಿಗಳ ಮುಂದಿಟ್ಟು ಸಂಶೋಧನೆ ನಡೆಸುವಂತೆ ಕೇಳಿಕೊಂಡರು. ಆ ಕೋರಿಕೆಗೆ ಸಿಕ್ಕಿದ ಸ್ಪಂದನ ಅಷ್ಟಕ್ಕಷ್ಟೆ.

ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಇನ್ನೊಂದು ದಾರಿ ಹಿಡಿದರು. ಸಿಂಪಡಣೆಯ ಬಳಿಕ ನೀರಿನಲ್ಲಿ ಮೀನು ಸಾಯುವುದನ್ನೂ ಮನೆಯವರ ಆರೋಗ್ಯ ಕೆಡುವುದನ್ನೂ ಕಂಡ ಅವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲೇರಿದರು. ಸರಕಾರಿ ನೌಕರಿಯಲ್ಲಿದ್ದುಕೊಂಡೇ ಸರಕಾರಿ ನಿಗಮದ ವಿರುದ್ಧ ಅವರು ದಾವೆ ಹೂಡಿದ್ದು ಸಣ್ಣ ಮಾತಲ್ಲ. ನ್ಯಾಯಾಲಯ ಮೊದಲು ತಾತ್ಕಾಲಿಕ ತಡೆ ನೀಡಿತು. 2000ದ ಅಕ್ಟೋಬರ್‌ನಲ್ಲಿ ತಡೆಯಾಜ್ಞೆಯನ್ನು ಮುಂದುವರಿಸಿತು. ಕೆಳಹಂತದ ನ್ಯಾಯಾಲಯವೊಂದರಲ್ಲಿ ಒಬ್ಬ ಮಹಿಳೆ ಗೆದ್ದ ಈ ಮೊಕದ್ದಮೆ ಹೋರಾಟಕ್ಕೆ ದೊಡ್ಡ ಬಲ ತಂದಿತು. ಪಡ್ರೆಯಲ್ಲಿ ವೈದ್ಯರು, ಕೃಷಿಕರು ಸೇರಿ ಸಿಂಪಡಣೆ ವಿರೋಧಿ ಕ್ರಿಯಾ ಸಮಿತಿ ಕಟ್ಟಿದರು. ತಿರುವನಂತಪುರದ ತಣಲ್ ಎಂಬ ಪರಿಸರ ಸಂಸ್ಥೆಯ ಕಾರ್ಯಕರ್ತರು ಬಂದು ಮನೆಮನೆ ಸುತ್ತಿ ಮಾಹಿತಿ ಕಲೆಹಾಕಿದರು.

ಪ್ರಯೋಗಾಲಯಗಳ ಜಗಳ

ಮನೆಮನೆಯ ಲೆಕ್ಕದಿಂದ ಶಂಕೆ ಗಟ್ಟಿಯಾಗುತ್ತದೆಯೇ ಹೊರತು ಅದು ಸಾಬೀತಾಗುವುದಿಲ್ಲ. ಕಾಯಿಲೆ ಇದೆ, ಸಿಂಪಡಣೆಯೂ ಇದೆ. ಆದರೆ ಆ ಮದ್ದು ಜನರ ದೇಹದೊಳಗೆ ಹೋಗಿದೆಯೇ? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ನೀರು, ಮಣ್ಣು, ಹಾಲು, ಮನುಷ್ಯರ ರಕ್ತ, ತಾಯಿಯ ಎದೆಹಾಲು ಮೊದಲಾದವುಗಳ ಮಾದರಿಗಳನ್ನು ಒಯ್ದು ಪರೀಕ್ಷಿಸಿತು. ಅವುಗಳಲ್ಲಿ ಎಂಡೋಸಲ್ಫಾನ್ ಹೆಚ್ಚಿನ ಪ್ರಮಾಣದಲ್ಲಿದೆ ಎಂದು 2001ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಪ್ಲಾಂಟೇಶನ್ ಕಾರ್ಪೊರೇಶನ್ ತಮಿಳುನಾಡಿನ ಸಂಸ್ಥೆಯೊಂದರಿಂದ ಬೇರೆ ಪರೀಕ್ಷೆ ಮಾಡಿಸಿತು. ರಕ್ತದಲ್ಲಿ ಎಂಡೋಸಲ್ಫಾನ್ ಕಂಡುಬಂದಿಲ್ಲ ಎಂದು ಆ ಸಂಸ್ಥೆ ಹೇಳಿತು.

ಒಂದೇ ಊರು, ಒಂದೇ ವರ್ಷ, ಎರಡು ಪ್ರಯೋಗಾಲಯ, ಎರಡು ತದ್ವಿರುದ್ಧ ಉತ್ತರ. ಸಾಮಾನ್ಯ ಜನ ಯಾವುದನ್ನು ನಂಬಬೇಕು? ಮಾದರಿಯನ್ನು ಯಾರು, ಎಲ್ಲಿಂದ, ಯಾವಾಗ ಸಂಗ್ರಹಿಸಿದರು, ಪರೀಕ್ಷೆಯ ಖರ್ಚು ಯಾರದು, ಎಲ್ಲರೂ ನೋಡುವಂತೆ ಅಂಕಿಅಂಶ ಬಿಚ್ಚಿಟ್ಟರೇ ಎಂಬ ಪ್ರಶ್ನೆಗಳು ಫಲಿತಾಂಶದಷ್ಟೇ ಮುಖ್ಯ ಎಂಬುದು ಆಗ ಮನವರಿಕೆಯಾಯಿತು. ಒಂದು ಪಕ್ಷ ಒಂಟಿಯಾಗಿ ನಡೆಸಿದ ಪರೀಕ್ಷೆಯನ್ನು ಇನ್ನೊಂದು ಪಕ್ಷ ಒಪ್ಪುವುದಿಲ್ಲ.

ವಿಷದ ಅಪಾಯವನ್ನು ಅಳೆಯುವ ಶಾಸ್ತ್ರಕ್ಕೆ ಒಂದು ಕ್ರಮವಿದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರಲ್ಲಿ ಅದನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ವಸ್ತುವಿಗೆ ಕೇಡುಮಾಡುವ ಗುಣ ಇದೆಯೇ ಎಂದು ಗುರುತಿಸುವುದು ಮೊದಲನೆಯದು. ಎಷ್ಟು ಪ್ರಮಾಣಕ್ಕೆ ಎಷ್ಟು ಕೇಡು ಎಂದು ತಿಳಿಯುವುದು ಎರಡನೆಯದು. ಜನರ ದೇಹಕ್ಕೆ ಅದು ಯಾವ ದಾರಿಯಲ್ಲಿ, ಎಷ್ಟು ಕಾಲ, ಎಷ್ಟು ಸೇರಿತು ಎಂದು ಅಂದಾಜಿಸುವುದು ಮೂರನೆಯದು. ಇವೆಲ್ಲವನ್ನೂ ಕೂಡಿಸಿ ಅಪಾಯದ ಒಟ್ಟು ಚಿತ್ರ ಕೊಡುವುದು ನಾಲ್ಕನೆಯದು. ಮೊದಲ ಎರಡು ಹಂತಗಳಿಗೆ ಇಲಿಗಳೂ ಪ್ರಯೋಗಾಲಯವೂ ಬೇಕು. ಮೂರನೆಯ ಹಂತಕ್ಕೆ ಬೇಕಾದುದು ಊರಿನ ಜನ. ಸಿಂಪಡಣೆಯ ದಿನ ಮಕ್ಕಳು ಎಲ್ಲಿದ್ದರು, ಯಾವ ಮನೆಗೆ ಯಾವ ತೋಡಿನ ನೀರು, ಹಸು ಯಾವ ಗುಡ್ಡದಲ್ಲಿ ಮೇಯುತ್ತದೆ ಎಂಬುದು ಯಾವ ಉಪಕರಣಕ್ಕೂ ತಿಳಿಯದು. ಅದೇ ಮಂಡಳಿ 1996ರಲ್ಲಿ ಇನ್ನೊಂದು ವರದಿ ತಂದು, ತೊಂದರೆಗೆ ಒಳಗಾಗುವ ಜನರನ್ನು ಆರಂಭದಿಂದಲೇ ಅಧ್ಯಯನದಲ್ಲಿ ಸೇರಿಸಿಕೊಳ್ಳಬೇಕು, ಯಾವ ಪ್ರಶ್ನೆ ಕೇಳಬೇಕೆಂಬುದನ್ನೂ ಅವರೊಂದಿಗೆ ಕೂಡಿ ನಿರ್ಧರಿಸಬೇಕು ಎಂದು ಪ್ರತಿಪಾದಿಸಿತು.

ಎರಡು ಊರುಗಳ ಹೋಲಿಕೆ

ಪತ್ರಿಕಾ ವರದಿಯನ್ನು ಕಂಡು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2001ರಲ್ಲಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದರ ಸೂಚನೆಯಂತೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಗೆ ಬಂತು. ಈ ತಂಡ ಅನುಸರಿಸಿದ ವಿಧಾನ ಸರಳ, ಆದರೆ ಅದುವರೆಗೆ ಯಾರೂ ಮಾಡಿರದಂಥದು. ಪಡ್ರೆಯ ಶಾಲಾ ಮಕ್ಕಳನ್ನು ಸುಮಾರು 20 ಕಿಲೋಮೀಟರ್ ದೂರದಲ್ಲಿರುವ, ವೈಮಾನಿಕ ಸಿಂಪಡಣೆ ಕಾಣದ ಇನ್ನೊಂದು ಊರಿನ ಮಕ್ಕಳೊಂದಿಗೆ ಅದು ಹೋಲಿಸಿ ನೋಡಿತು.

ಹೋಲಿಕೆ ಏಕೆ ಬೇಕು? ಎಲ್ಲ ಊರುಗಳಲ್ಲಿಯೂ ಕಾಯಿಲೆಯವರು ಇದ್ದೇ ಇರುತ್ತಾರೆ. ಒಂದೇ ಊರನ್ನು ನೋಡಿದರೆ ಅಲ್ಲಿರುವುದು ಹೆಚ್ಚೋ ಕಡಿಮೆಯೋ ಹೇಳಲಾಗದು. ಮಣ್ಣು, ಮಳೆ, ಊಟ, ಜೀವನಮಟ್ಟ ಬಹುತೇಕ ಒಂದೇ ಆಗಿದ್ದು, ಸಿಂಪಡಣೆಯೊಂದೇ ವ್ಯತ್ಯಾಸವಾಗಿರುವ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಲೆಕ್ಕಕ್ಕೆ ಅರ್ಥ ಬರುತ್ತದೆ.

ಈ ಅಧ್ಯಯನದ ಒಂದು ಭಾಗ 2003ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 10ರಿಂದ 19 ವರ್ಷದೊಳಗಿನ 117 ಬಾಲಕರು ಪಡ್ರೆಯ ಕಡೆಯವರು. 90 ಬಾಲಕರು ಹೋಲಿಕೆಯ ಊರಿನವರು. ಪಡ್ರೆಯ ಬಾಲಕರಲ್ಲಿ ಶೇಕಡಾ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು. ಇನ್ನೊಂದು ಊರಿನಲ್ಲಿ ಶೇಕಡಾ 29. ಸರಾಸರಿ ಪ್ರಮಾಣ ಪಡ್ರೆಯಲ್ಲಿ ಶತಕೋಟಿಯಲ್ಲಿ 7.47 ಭಾಗ, ಇನ್ನೊಂದೆಡೆ 1.37 ಭಾಗ. ಕೊನೆಯ ಸಿಂಪಡಣೆ ನಡೆದು ಹತ್ತು ತಿಂಗಳಾದ ಮೇಲೆ ಸಿಕ್ಕ ಅಂಕಿಗಳಿವು. ಪಡ್ರೆಯ ಬಾಲಕರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ, ಅವರ ದೇಹದಲ್ಲಿ ಪುರುಷ ಹಾರ್ಮೋನು ಉತ್ಪತ್ತಿಗೆ ಅಡ್ಡಿಯಾಗಿರಬಹುದು ಎಂಬ ನಿರ್ಣಯಕ್ಕೆ ಸಂಶೋಧಕರು ಬಂದರು.

ಈ ಅಧ್ಯಯನದಿಂದಲೂ ವಿವಾದ ಮುಗಿಯಲಿಲ್ಲ. ಅದೇ ಪತ್ರಿಕೆಗೆ 2004ರಲ್ಲಿ ಆಕ್ಷೇಪದ ಪತ್ರಗಳು ಬಂದವು. ಕೇಂದ್ರ ಕೃಷಿ ಸಚಿವಾಲಯ ನೇಮಿಸಿದ್ದ ಒ.ಪಿ. ದುಬೆ ನೇತೃತ್ವದ ಸಮಿತಿ, ಕಾಸರಗೋಡಿನ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸ್ಥಾಪಿತವಾಗಿಲ್ಲ ಎಂದಿತು. ಅದಕ್ಕೆ ಮೊದಲೇ ಕೇರಳ ಸರಕಾರದ ಡಾ. ಎ. ಅಚ್ಯುತನ್ ಸಮಿತಿ ವೈಮಾನಿಕ ಸಿಂಪಡಣೆಯ ವಿರುದ್ಧ ಶಿಫಾರಸು ಮಾಡಿತ್ತು. ಸಮಿತಿಗಳ ನೋಟ ಬೇರೆಬೇರೆಯಾಗಲು ಒಂದು ಕಾರಣ ಅವು ಕೇಳಿಕೊಂಡ ಪ್ರಶ್ನೆಗಳೇ ಬೇರೆಯಾಗಿದ್ದುದು. ‘ಪ್ರತಿಯೊಂದು ಕಾಯಿಲೆಗೂ ಇದೇ ಕಾರಣವೆಂದು ಸಿದ್ಧವಾಗಿದೆಯೇ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಸುಲಭ. ‘ಇಷ್ಟು ಸುಳಿವು ಸಿಕ್ಕ ಮೇಲೂ ಜನವಸತಿಯ ಮೇಲೆ ಇದನ್ನು ಸುರಿಯುವುದು ಸರಿಯೇ’ ಎಂದು ಕೇಳಿದಾಗ ಬರುವ ಉತ್ತರ ಬೇರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಸಿಂಪಡಣೆ ಆರಂಭವಾಗುವ ಮೊದಲು ಪಡ್ರೆಯಲ್ಲಿ ಎಷ್ಟು ಮಂದಿ ಕಾಯಿಲೆಯವರಿದ್ದರು ಎಂಬುದನ್ನು ಯಾರೂ ಎಣಿಸಿರಲಿಲ್ಲ. ಆರಂಭದ ಲೆಕ್ಕವೇ ಇಲ್ಲದಿರುವಾಗ ಏರಿಕೆಯನ್ನು ಅಳೆಯುವುದು ಹೇಗೆ? ಮದ್ದು ಸಿಂಪಡಿಸಲು ಹೆಲಿಕಾಪ್ಟರ್ ಒದಗಿಸಿದ ವ್ಯವಸ್ಥೆ, ಜನರ ಆರೋಗ್ಯ ದಾಖಲಿಸಲು ಒಂದು ಪುಸ್ತಕವನ್ನೂ ಇಡಲಿಲ್ಲ. ಆ ಕೊರತೆಯ ಲಾಭ ಯಾವಾಗಲೂ ಸಂದೇಹ ಪಡುವವರಿಗೇ ದೊರೆಯಿತು.

ಜಿನೀವಾದಿಂದ ಕೊಕ್ಕಡದವರೆಗೆ

ಆದರೂ ಚೂರುಚೂರಾದ ಸಾಕ್ಷ್ಯಗಳು ಒಂದರ ಮೇಲೊಂದು ಸೇರುತ್ತ ಹೋದವು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆ, ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟು ಎಂಡೋಸಲ್ಫಾನ್ ಅನ್ನು ಜಗತ್ತಿನಾದ್ಯಂತ ಕೈಬಿಡಲು ತೀರ್ಮಾನಿಸಿತು. ಅದುವರೆಗೆ ನಿಷೇಧವನ್ನು ವಿರೋಧಿಸುತ್ತ ಬಂದಿದ್ದ ಭಾರತವೂ ಕೊನೆಗೆ ಒಪ್ಪಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ಮಧ್ಯಂತರ ಆದೇಶದ ಮೂಲಕ ನಿಲ್ಲಿಸಿತು.

ಗಡಿಯ ಈಚೆಗೂ ಇದೇ ಕಥೆಯ ಇನ್ನೊಂದು ಅಧ್ಯಾಯವಿದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಗ್ರಾಮಗಳ ಆಸುಪಾಸಿನಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಅಲ್ಲಿಯೂ ಹಾಸಿಗೆ ಹಿಡಿದ ಮಕ್ಕಳು, ಅವರನ್ನು ಬಿಟ್ಟು ಕೂಲಿಗೆ ಹೋಗಲಾರದ ತಾಯಂದಿರು ಇದ್ದಾರೆ. ಕಾಸರಗೋಡಿನ ಹೋರಾಟ ದೊಡ್ಡದಾದ ನಂತರವೇ ಇವರ ಕಡೆ ಸರಕಾರದ ಗಮನ ಹರಿಯಿತು. 2011ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರ ರಾಜ್ಯದಲ್ಲಿ ಎಂಡೋಸಲ್ಫಾನ್ ಬಳಕೆಯನ್ನು ನಿಷೇಧಿಸಿತು. ಕೊಕ್ಕಡ ಮತ್ತು ಕೊಯಿಲದಲ್ಲಿ ಪೀಡಿತರಿಗಾಗಿ ಪಾಲನಾ ಕೇಂದ್ರಗಳು ತೆರೆದವು. ಮಾಸಾಶನದ ವ್ಯವಸ್ಥೆಯೂ ಆಯಿತು.

ಪರಿಹಾರದ ಹಾದಿ ಮಾತ್ರ ಸುಗಮವಾಗಿರಲಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷಗಳ ನಂತರ, 2022ರ ಮೇ ತಿಂಗಳಲ್ಲಿ ನ್ಯಾಯಾಲಯ ವಿಚಾರಿಸಿದಾಗ 3,704 ಮಂದಿಯ ಪೈಕಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಅವರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು. ನ್ಯಾಯಾಲಯದ ಛೀಮಾರಿಯ ಬಳಿಕ ವಿತರಣೆ ವೇಗ ಪಡೆಯಿತು.

ಪಟ್ಟಿಯಲ್ಲಿ ಯಾರ ಹೆಸರಿರಬೇಕು ಎಂಬುದೂ ಜಗಳದ ವಿಷಯವೇ. ವೈದ್ಯಕೀಯ ಶಿಬಿರಗಳಲ್ಲಿ ತಜ್ಞರು ಪರೀಕ್ಷಿಸಿ ಹೆಸರು ಸೇರಿಸುತ್ತಾರೆ ಅಥವಾ ಕೈಬಿಡುತ್ತಾರೆ. ಕೈಬಿಟ್ಟ ಮಗುವಿನ ತಾಯಿಗೆ ಅದೊಂದು ಅಂಕಿಯಲ್ಲ. ಔಷಧದ ಖರ್ಚು, ಮಾಸಾಶನ, ಮುಂದಿನ ಬದುಕು ಎಲ್ಲವೂ ಆ ಪಟ್ಟಿಯನ್ನು ಅವಲಂಬಿಸಿವೆ. 2019ರ ಜನವರಿ ಕೊನೆಯಲ್ಲಿ ಕಾಸರಗೋಡಿನ ತಾಯಂದಿರು ತಮ್ಮ ಮಕ್ಕಳೊಂದಿಗೆ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಧರಣಿ ಕುಳಿತದ್ದು ಇದೇ ಕಾರಣಕ್ಕೆ. ಸರಕಾರ ಮಾತುಕತೆ ನಡೆಸಿ ಹೆಚ್ಚಿನ ಮಕ್ಕಳನ್ನು ಪಟ್ಟಿಗೆ ಸೇರಿಸಲು ಒಪ್ಪಿದ ಮೇಲೆಯೇ ಅವರು ಎದ್ದದ್ದು.

ಇಡೀ ಇತಿಹಾಸವನ್ನು ಹಿಂತಿರುಗಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಕೃಷಿಕ ಪತ್ರಕರ್ತ ಕಂಡ ಕರು, ವೈದ್ಯರು ಬರೆದಿಟ್ಟ ಲೆಕ್ಕ, ಕೃಷಿ ಇಲಾಖೆಯ ಮಹಿಳೆಯ ದಾವೆ, ಪರಿಸರ ಸಂಸ್ಥೆಗಳ ಮಾದರಿ, ಅಹಮದಾಬಾದಿನ ತಂಡದ ಹೋಲಿಕೆ ಇವುಗಳಲ್ಲಿ ಒಂದೊಂದೇ ನಿಂತಿದ್ದರೆ ಯಾವುದೂ ಸಾಲುತ್ತಿರಲಿಲ್ಲ. ಒಂದನ್ನು ಗಾಳಿಮಾತು, ಇನ್ನೊಂದನ್ನು ಕಾಕತಾಳೀಯ, ಮತ್ತೊಂದನ್ನು ಪಕ್ಷಪಾತ ಎಂದು ತಳ್ಳಿಹಾಕಬಹುದಿತ್ತು. ಹಾಗೆ ತಳ್ಳಿಹಾಕಲಾಯಿತು ಕೂಡ. ಇವೆಲ್ಲ ಕೂಡಿಬರಲು ಹಿಡಿದ ಕಾಲ ಎರಡು ದಶಕಕ್ಕೂ ಹೆಚ್ಚು. ಆ ವಿಳಂಬದ ಬೆಲೆಯನ್ನು ತೆತ್ತವರು ಆ ಅವಧಿಯಲ್ಲಿ ಹುಟ್ಟಿದ ಮಕ್ಕಳು.

ಹೊಸ ರಾಸಾಯನಿಕಗಳು ಬರುತ್ತಲೇ ಇರುತ್ತವೆ, ಹೊಸ ಕಾರ್ಖಾನೆಗಳೂ ಬರುತ್ತವೆ. ಅವು ಬರುವ ಮುನ್ನವೇ ಊರಿನ ಆರೋಗ್ಯದ ಲೆಕ್ಕ ಬರೆದಿಟ್ಟು, ಆ ಪುಸ್ತಕ ಊರವರಿಗೂ ವೈದ್ಯರಿಗೂ ವಿಜ್ಞಾನಿಗಳಿಗೂ ಸಮಾನವಾಗಿ ತೆರೆದಿರುವಂತೆ ನೋಡಿಕೊಂಡರೆ ಇನ್ನೊಂದು ಪಡ್ರೆಯಲ್ಲಿ ಉತ್ತರ ಸಿಗಲು ಇಷ್ಟು ವರ್ಷ ಕಾಯಬೇಕಾಗದು. ಅದಕ್ಕೆ ತಗಲುವ ಖರ್ಚು ಒಂದು ಬಾರಿ ಹೆಲಿಕಾಪ್ಟರ್ ಹಾರಿಸುವುದಕ್ಕಿಂತ ಹೆಚ್ಚಿರಲಾರದು.